1971ರ ಎಂಜಿಬಿ ರೋಡ್‌ಸ್ಟರ್: ಒಂಬತ್ತು ವರ್ಷ ಬಳಸಿದ ಮೇಲಿನ ಮಾತು

ಇಂಗ್ಲೆಂಡಿನ ರೆಡಿಂಗ್‌ಗೆ ಕೆಲಸದ ಮೇಲೆ ಬಂದು ನೆಲೆಸಿದ ಮೇಲೆ, 2015ರ ಮಾರ್ಚ್ ತಿಂಗಳಲ್ಲಿ, ನಾನು ಗಾಢ ಹಸಿರು ಬಣ್ಣದ, ಲೋಹದ ಛಾವಣಿಯಿಲ್ಲದ ಎರಡು ಸೀಟಿನ ಎಂಜಿಬಿ ರೋಡ್‌ಸ್ಟರ್ ಕಾರೊಂದನ್ನು 7,500 ಪೌಂಡ್ ಕೊಟ್ಟು ಕೊಂಡೆ. ಒಂಬತ್ತು ವರ್ಷಗಳಲ್ಲಿ ಅದನ್ನು ಸುಮಾರು 22,000 ಮೈಲಿ ಓಡಿಸಿದ್ದೇನೆ. ಹಳೆಯ ಬ್ರಿಟಿಷ್ ಸ್ಪೋರ್ಟ್ಸ್ ಕಾರು ಕೊಳ್ಳುವ ಆಸೆಯಿರುವ ಕನ್ನಡಿಗ ಗೆಳೆಯರು ಆಗಾಗ ವಿಚಾರಿಸುವುದರಿಂದ, ನನ್ನ ಅನುಭವವನ್ನು ಒಂದೆಡೆ ಬರೆದಿಡುತ್ತಿದ್ದೇನೆ.

ಎಂಜಿಬಿ 1962ರಿಂದ 1980ರವರೆಗೆ ಆಕ್ಸ್‌ಫರ್ಡ್ ಸಮೀಪದ ಆಬಿಂಗ್ಡನ್ ಕಾರ್ಖಾನೆಯಲ್ಲಿ ತಯಾರಾಯಿತು. ಮೇಲ್ಛಾವಣಿಯಿರುವ ಜಿಟಿ ಮಾದರಿಯೂ ಸೇರಿ ಐದು ಲಕ್ಷಕ್ಕಿಂತ ಹೆಚ್ಚು ಕಾರುಗಳು ಅಲ್ಲಿಂದ ಹೊರಬಂದವು. ಇಂದು ನಮ್ಮೂರಿನ ರಸ್ತೆಗಳಲ್ಲಿ ಕಾಣುವ ಹೆಕ್ಟರ್ ಕಾರಿನ ಮೇಲೆಯೂ ಇದೇ ಎಂಜಿ ಎಂಬ ಹೆಸರಿದೆಯಾದರೂ, ಆ ಕಂಪನಿ ಈಗ ಚೀನಾದವರ ಕೈಗೆ ಹೋಗಿದ್ದು, ಎರಡು ಕಾರುಗಳಿಗೂ ಹೆಸರಿನ ನಂಟು ಬಿಟ್ಟು ಬೇರೇನೂ ಇಲ್ಲ. ನಿಜವಾದ ನಂಟು ಇರುವುದು ಅಂಬಾಸಿಡರ್ ಜೊತೆಗೆ. ಅಂಬಾಸಿಡರ್‌ನಲ್ಲಿ ಬಹುಕಾಲ ಬಳಕೆಯಲ್ಲಿದ್ದ 1489 ಸಿಸಿ ಪೆಟ್ರೋಲ್ ಇಂಜಿನ್ನೂ ನನ್ನ ಕಾರಿನ 1798 ಸಿಸಿ ಇಂಜಿನ್ನೂ ಬಿ-ಸೀರೀಸ್ ಎಂಬ ಒಂದೇ ವಂಶದವು. ಹಾಸನದಲ್ಲಿ ಇಪ್ಪತ್ತು ವರ್ಷ ಅಂಬಾಸಿಡರ್ ಟ್ಯಾಕ್ಸಿ ಓಡಿಸಿದ ನನ್ನ ಸೋದರಮಾವನಿಗೆ ಒಮ್ಮೆ ಫೋನಿನಲ್ಲಿ ಇಂಜಿನ್ನಿನ ಸದ್ದು ಕೇಳಿಸಿದೆ. ಅರ್ಧ ನಿಮಿಷ ಆಲಿಸಿ, "ಟ್ಯಾಪೆಟ್ ಲೂಸಾಗಿದೆ ಕಣೋ, ಮೊದಲು ಅದನ್ನು ನೋಡು" ಎಂದರು. ಇಂಜಿನ್ ತಣ್ಣಗಾದ ಮೇಲೆ ಅಳತೆಪಟ್ಟಿ ತೂರಿಸಿ ನೋಡಿದರೆ, ವಾಲ್ವಿಗೂ ಅದನ್ನು ಒತ್ತುವ ತೋಳಿಗೂ ನಡುವೆ 0.015 ಇಂಚು ಇರಬೇಕಾದ ಅಂತರ (ಇದನ್ನೇ ಟ್ಯಾಪೆಟ್ ಎನ್ನುವುದು) ಎರಡು ವಾಲ್ವುಗಳಲ್ಲಿ 0.020 ಇಂಚಿನಷ್ಟಿತ್ತು. ಸಾವಿರಾರು ಮೈಲಿ ದೂರದಿಂದ ಕಿವಿಯಲ್ಲೇ ದೋಷ ಹಿಡಿದ ಅವರ ಬಗ್ಗೆ ನನಗಿರುವ ಗೌರವ ಅಂದು ಇನ್ನಷ್ಟು ಹೆಚ್ಚಿತು.

ಕೊಳ್ಳುವಾಗ ನಾನು ಮಾಡಿದ ತಪ್ಪನ್ನು ಮುಚ್ಚಿಡದೆ ಹೇಳಬೇಕು. ಹೊಳೆಯುವ ಬಣ್ಣ, ಹೊಸ ಸೀಟು, ಚೆನ್ನಾಗಿ ಓಡುವ ಇಂಜಿನ್, ಜೊತೆಗೆ ಆಗಷ್ಟೇ ಪಡೆದ ವಾರ್ಷಿಕ ತಪಾಸಣೆಯ ಪ್ರಮಾಣಪತ್ರ, ಇಷ್ಟನ್ನು ನೋಡಿ ನಾನು ಒಪ್ಪಿಕೊಂಡುಬಿಟ್ಟೆ. ಮೂರು ತಿಂಗಳ ನಂತರ ಚಕ್ರ ಬದಲಿಸಲು ಒಂದು ಪಕ್ಕಕ್ಕೆ ಜಾಕ್ ಕೊಟ್ಟು ಎತ್ತಿದಾಗ ಆ ಬದಿಯ ಬಾಗಿಲು ತೆರೆಯಲೇ ಇಲ್ಲ. ಬಾಗಿಲಿನ ಹಿಂದಿನ ಸಂದು ಮೇಲ್ಭಾಗದಲ್ಲಿ ಪೂರ್ತಿ ಮುಚ್ಚಿಕೊಂಡಿತ್ತು. ಜಾಕ್ ಇಳಿಸಿದೆ, ಸಂದು ಮತ್ತೆ ಬಿಟ್ಟಿತು, ಬಾಗಿಲು ತೆರೆಯಿತು. ಕಾರಿನ ನಡು ಬಾಗುತ್ತಿದೆ ಎಂಬುದು ನನಗೆ ಮನದಟ್ಟಾದದ್ದು ಆಗ.

ಎಂಜಿಬಿಗೆ ಪ್ರತ್ಯೇಕ ಚಾಸಿಸ್ ಇಲ್ಲ. ಬಾಡಿಯೇ ಎಲ್ಲ ಭಾರವನ್ನೂ ಹೊರುತ್ತದೆ. ರೋಡ್‌ಸ್ಟರ್‌ಗೆ ತಲೆಯ ಮೇಲೆ ಲೋಹದ ಛಾವಣಿಯೂ ಇಲ್ಲವಾದ್ದರಿಂದ, ಬಾಗಿಲುಗಳ ಕೆಳಗೆ ಉದ್ದಕ್ಕೂ ಸಾಗುವ ಸಿಲ್ ಎಂಬ ಪೆಟ್ಟಿಗೆಯಾಕಾರದ ಭಾಗವೇ ಅದರ ಬೆನ್ನುಮೂಳೆ. ಈ ಸಿಲ್ ಒಂದೇ ತಗಡಿನಿಂದಾದುದಲ್ಲ: ಹೊರಗಿನ ತಗಡು, ಒಳಗಿನ ತಗಡು, ಎರಡರ ನಡುವೆ ನಿಂತಿರುವ ಪದರ, ತಳದಲ್ಲಿ ಇನ್ನೊಂದು ಪಟ್ಟಿ ಸೇರಿ ಅದಕ್ಕೆ ಬಲ ಬರುತ್ತದೆ. ಇಲ್ಲಿ ಚಳಿಗಾಲದಲ್ಲಿ ರಸ್ತೆಗೆ ಎರಚುವ ಉಪ್ಪು ನೀರಿನೊಂದಿಗೆ ಒಳಸೇರಿ ನಡುಪದರವನ್ನು ಮೊದಲು ತಿನ್ನುತ್ತದೆ. ನನ್ನ ಕಾರಿನಲ್ಲಿ ಹಿಂದೆ ಯಾರೋ ತುಕ್ಕು ಹಿಡಿದ ಸಿಲ್ ಕತ್ತರಿಸಿ ತೆಗೆಯದೆ, ಅದರ ಮೇಲೆಯೇ ಹೊಸ ತಗಡು ಹೊದಿಸಿ, ಪುಟ್ಟಿ ಮೆತ್ತಿ ಬಣ್ಣ ಬಳಿದಿದ್ದರು. ಭಾಗಗಳನ್ನು ಬಿಚ್ಚದೆ ನಡೆಯುವ ತಪಾಸಣೆಯಲ್ಲಿ ಇದು ಕಣ್ಣಿಗೆ ಬೀಳದಿರುವುದು ಸಹಜ. ವರ್ಕ್‌ಶಾಪಿನಲ್ಲಿ ಹೊರತಗಡನ್ನು ಕತ್ತರಿಸಿದಾಗ ನಾನೂ ಪಕ್ಕದಲ್ಲಿದ್ದೆ. ಒಳಗಿನ ಪದರವನ್ನು ಬೆರಳಿನಿಂದ ಒತ್ತಿದರೆ ಹಳೆಯ ಹಪ್ಪಳದಂತೆ ಪುಡಿಯಾಗಿ ಉದುರುತ್ತಿತ್ತು. ಬಾಡಿ ಮಡಚಿಕೊಳ್ಳದಂತೆ ಮೊದಲೇ ಬಾಗಿಲಿನ ಜಾಗಕ್ಕೆ ಅಡ್ಡಲಾಗಿ ಕಬ್ಬಿಣದ ಸರಳು ಬೆಸೆದು, ಒಂದೊಂದೇ ಪಕ್ಕ ಬಿಚ್ಚಿ, ಪ್ರತಿ ಹಂತದಲ್ಲೂ ಬಾಗಿಲಿನ ಸಂದು ಅಳೆಯುತ್ತ ಆ ಕುಶಲಕರ್ಮಿ ಐದು ವಾರ ದುಡಿದರು. ಬಣ್ಣವೂ ಸೇರಿ 3,800 ಪೌಂಡ್ ಆಯಿತು. ಮರಳಿ ಬಂದ ಕಾರು ಬೇರೆಯದೇ ಕಾರು: ಗುಂಡಿಯ ಮೇಲೆ ಹೋದಾಗ ಮುಂಭಾಗ ನಡುಗುವುದು ನಿಂತಿತು, ತಿರುವಿನಲ್ಲಿ ಸ್ಟಿಯರಿಂಗ್ ಹೇಳಿದ ಮಾತು ಕೇಳತೊಡಗಿತು.

ಅದಾದ ಮೇಲೆ ಈ ಕಾರು ನನ್ನನ್ನು ದಾರಿಯಲ್ಲಿ ನಿಲ್ಲಿಸಿದ್ದು ಎರಡೇ ಬಾರಿ. ಮೊದಲನೆಯದು ಟ್ಯಾಂಕಿನಿಂದ ಇಂಜಿನ್ನಿಗೆ ಪೆಟ್ರೋಲ್ ಕಳಿಸುವ ಪಂಪಿನಿಂದ. ಕೀಲಿ ತಿರುಗಿಸಿದಾಗ ಹಿಂಬದಿಯಿಂದ ಟಿಕ್ ಟಿಕ್ ಎಂದು ಕೇಳಿ, ಕಾರ್ಬ್ಯುರೇಟರ್‌ಗಳು ತುಂಬಿದ ಕೂಡಲೇ ನಿಧಾನವಾಗಬೇಕಾದ ಸದ್ದು ಅಂದು ಬರಲೇ ಇಲ್ಲ. ಪಂಪಿನೊಳಗಿನ ಪಾಯಿಂಟ್, ಅಂದರೆ ವಿದ್ಯುತ್ ಸಂಪರ್ಕ ಕೊಡುವ ತುದಿ, ಸವೆದಿತ್ತು. ಎರಡನೆಯದು ಸೀಟಿನ ಹಿಂದೆ ನೆಲದಡಿಯಲ್ಲಿ ಕುಳಿತಿರುವ ಎರಡು ಆರು ವೋಲ್ಟ್ ಬ್ಯಾಟರಿಗಳ ನಡುವಿನ ತಂತಿಯಿಂದ. ಲ್ಯೂಕಾಸ್ ಕಂಪನಿಯ ವಿದ್ಯುತ್ ವ್ಯವಸ್ಥೆಯನ್ನು ಬೈಯುವವರು ಬಹಳ ಮಂದಿ. ನಾನು ಕಂಡಂತೆ ಹತ್ತರಲ್ಲಿ ಎಂಟು ದೋಷಗಳು ಕಿಲುಬು ಹಿಡಿದ ಅರ್ತಿಂಗ್ ಜೋಡಣೆಯಿಂದ ಬಂದವು; ಉಜ್ಜಿ ಶುಚಿ ಮಾಡಿದರೆ ಸರಿಹೋಗುತ್ತವೆ. ಆದರೆ ಹೆಡ್‌ಲೈಟ್‌ಗಳಿಗೆ ಕಾರ್ಖಾನೆಯವರು ಫ್ಯೂಸ್ ಇಟ್ಟಿಲ್ಲ. ರಿಲೇ (ಸ್ವಿಚ್ಚಿನ ಮೇಲಿನ ವಿದ್ಯುತ್ ಭಾರವನ್ನು ಕಡಿಮೆ ಮಾಡುವ ಉಪಕರಣ) ಮತ್ತು ಫ್ಯೂಸ್ ಎರಡನ್ನೂ ಹಾಕಿಸಿಕೊಳ್ಳುವುದು ಕ್ಷೇಮ.

ನಿರ್ವಹಣೆಯನ್ನು ಬಹುಪಾಲು ನಾನೇ ಮಾಡುತ್ತೇನೆ. ಪ್ರತಿ 3,000 ಮೈಲಿಗೆ ಮುಂದಿನ ಚಕ್ರಗಳು ಎಡಬಲಕ್ಕೆ ತಿರುಗಲು ಆಧಾರವಾದ ಕಿಂಗ್‌ಪಿನ್‌ಗಳಿಗೆ ಗ್ರೀಸ್ ತುಂಬಬೇಕು, ಹಳೆಯ ಕಪ್ಪು ಗ್ರೀಸ್ ಹೊರಬಿದ್ದು ಹೊಸ ಬಣ್ಣದ್ದು ಕಾಣುವವರೆಗೆ. ಇದನ್ನು ತಪ್ಪಿಸಿದವರು ಆಮೇಲೆ ದುಬಾರಿ ಬೆಲೆ ತೆರುತ್ತಾರೆ. ಇಂಜಿನ್ನಿಗೆ 20ಡಬ್ಲ್ಯೂ-50 ಆಯಿಲ್ ಹಾಕುತ್ತೇನೆ. ನಿಲ್ಲಿಸಿದಲ್ಲಿ ಒಂದೆರಡು ಹನಿ ತೊಟ್ಟಿಕ್ಕುವುದು ಇದ್ದದ್ದೇ, ಕೆಳಗೊಂದು ತಟ್ಟೆ ಇಡುತ್ತೇನೆ. 2021ರ ಸೆಪ್ಟೆಂಬರ್‌ನಲ್ಲಿ ಇಲ್ಲಿ ಹತ್ತು ಶೇಕಡಾವರೆಗೆ ಎಥನಾಲ್ ಬೆರೆತ ಪೆಟ್ರೋಲ್ ಸಾಮಾನ್ಯವಾದಾಗ, ಅದು ಹಳೆಯ ರಬ್ಬರನ್ನು ಹಾಳುಮಾಡುವುದರಿಂದ ಎಲ್ಲ ಪೈಪುಗಳನ್ನೂ ಬದಲಿಸಿ, ಐದು ಶೇಕಡಾದ ದುಬಾರಿ ಪೆಟ್ರೋಲನ್ನೇ ಹಾಕಿಸುತ್ತಿದ್ದೇನೆ. ಲೀಟರಿಗೆ ಸುಮಾರು ಒಂಬತ್ತೂವರೆ ಕಿಲೋಮೀಟರ್ ಕೊಡುತ್ತದೆ. ಬಿಡಿಭಾಗಗಳ ವಿಷಯದಲ್ಲಂತೂ ಇಷ್ಟು ನೆಮ್ಮದಿ ಕೊಡುವ ಹಳೆಯ ಕಾರು ಇನ್ನೊಂದಿಲ್ಲ: ಬೆಳಿಗ್ಗೆ ಫೋನ್ ಮಾಡಿದರೆ ಮರುದಿನ ಮನೆಬಾಗಿಲಿಗೆ ಬರುತ್ತವೆ, ಪೂರ್ತಿ ಹೊಸ ಬಾಡಿಯನ್ನೇ ಬೇಕಾದರೂ ಕೊಳ್ಳಬಹುದು.

ನಲವತ್ತು ವರ್ಷ ದಾಟಿದ ಕಾರಿಗೆ ಇಲ್ಲಿ ರಸ್ತೆ ತೆರಿಗೆಯಿಲ್ಲ. 2018ರಿಂದ ವಾರ್ಷಿಕ ತಪಾಸಣೆಯೂ ಕಡ್ಡಾಯವಲ್ಲ. ಆದರೂ ನಾನು ಪ್ರತಿ ವರ್ಷ ಮಾಡಿಸುತ್ತೇನೆ, ಏಕೆಂದರೆ ಬ್ರೇಕ್ ಪೈಪುಗಳನ್ನು ಇನ್ನೊಬ್ಬರ ಕಣ್ಣೂ ನೋಡಿರಬೇಕು.

ಓಡಿಸುವ ಸುಖವನ್ನು ಹೇಳದಿದ್ದರೆ ಈ ಬರಹ ಅಪೂರ್ಣ. ನ್ಯೂಬರಿಯಿಂದ ವಾಂಟೇಜ್‌ಗೆ ಗುಡ್ಡಗಳನ್ನು ಹತ್ತಿ ಇಳಿಯುವ ಬಿ4494 ರಸ್ತೆಯಲ್ಲಿ, ಮೇ ತಿಂಗಳ ಬೆಳಗ್ಗೆ ಬಟ್ಟೆಯ ಹುಡ್ ಮಡಿಸಿ, ಮೂರನೇ ಗೇರಿನಲ್ಲಿ ಏರಿ ತುದಿ ತಲುಪಿದಾಗ ಓವರ್‌ಡ್ರೈವ್ (ಅದೇ ವೇಗದಲ್ಲಿ ಇಂಜಿನ್ ನಿಧಾನವಾಗಿ ಸುತ್ತುವಂತೆ ಮಾಡುವ ಹೆಚ್ಚುವರಿ ಗೇರು) ಹಾಕಿದರೆ ಇಂಜಿನ್ ಒಮ್ಮೆಲೇ ದನಿ ತಗ್ಗಿಸುತ್ತದೆ, ಎರಡೂ ಬದಿಯ ಹೊಲಗಳ ವಾಸನೆ ಮುಖಕ್ಕೆ ತಾಗುತ್ತದೆ. ಗಂಟೆಗೆ 70 ಮೈಲಿ ವೇಗದಲ್ಲಿ ನಿಮಿಷಕ್ಕೆ ಸುಮಾರು 3,900 ಸುತ್ತುವ ಇಂಜಿನ್ ಓವರ್‌ಡ್ರೈವ್‌ನಲ್ಲಿ 3,200ರ ಆಸುಪಾಸಿಗೆ ಇಳಿಯುವುದರಿಂದ, ಮೋಟರ್‌ವೇನಲ್ಲಿ ದೂರ ಹೋಗುವವರು ಓವರ್‌ಡ್ರೈವ್ ಇಲ್ಲದ ಕಾರನ್ನು ಕೊಳ್ಳಬಾರದೆಂದೇ ನನ್ನ ಅಭಿಪ್ರಾಯ.

ನೀವು ಕೊಳ್ಳಲು ಹೊರಟಿದ್ದರೆ, ದಣಿದ ಇಂಜಿನ್ನಿಗೆ ಹೆದರಬೇಡಿ. ಅದನ್ನು ರಿಪೇರಿ ಮಾಡುವವರು ಊರೂರಲ್ಲೂ ಇದ್ದಾರೆ. ಸಿಲ್ ಬದಲಿಸುವಾಗ ಹಂತಹಂತವಾಗಿ ತೆಗೆದ ಫೋಟೋ ತೋರಿಸುವ ಮಾಲೀಕರಿಗೆ ಸಾವಿರ ಪೌಂಡ್ ಹೆಚ್ಚೇ ಕೊಡಿ. ಫೋಟೋ ಇಲ್ಲವೆಂದರೆ, ಒಂದು ಪಕ್ಕಕ್ಕೆ ಜಾಕ್ ಕೊಟ್ಟು ಎತ್ತಲು ಅನುಮತಿ ಕೇಳಿ, ಚಕ್ರ ನೆಲ ಬಿಟ್ಟ ಮೇಲೆ ಆ ಬದಿಯ ಬಾಗಿಲನ್ನು ತೆರೆದು ಮುಚ್ಚಿ ನೋಡಿ.