ಕೊಸುಮೆಲ್‌ನಲ್ಲಿ ಒಂದು ಹಗಲು: ಬೀಚ್ ಕ್ಲಬ್ಬೋ, ದೋಣಿಯೋ, ಟ್ಯಾಕ್ಸಿಯೋ?

ಹ್ಯೂಸ್ಟನ್ ಸುತ್ತಮುತ್ತ ಇರುವ ನಮ್ಮಂಥ ಕನ್ನಡದವರಿಗೆ ಕ್ರೂಸ್ ಅಂದರೆ ಗ್ಯಾಲ್ವೆಸ್ಟನ್ ಬಂದರು, ಅಲ್ಲಿಂದ ಹೊರಟರೆ ಹೆಚ್ಚುಕಡಿಮೆ ಕೊಸುಮೆಲ್. ಮೆಕ್ಸಿಕೊದ ಯುಕಟಾನ್ ಕರಾವಳಿಯ ಎದುರಿಗಿರುವ ಈ ದ್ವೀಪದಲ್ಲಿ ಹಡಗು ಬೆಳಿಗ್ಗೆ ನಿಂತು ಸಂಜೆ ಹೊರಟುಬಿಡುತ್ತದೆ. ಕೈಗೆ ಸಿಗುವುದು ಏಳೆಂಟು ಗಂಟೆ. ನಾವು ಮೂರು ಸಲ ಹೋಗಿ ಆ ಗಂಟೆಗಳನ್ನು ಮೂರು ಥರ ಕಳೆದಿದ್ದೇವೆ. ಕೇಳಿದವರಿಗೆಲ್ಲ ನಾನು ಹೇಳುವುದು ಇಷ್ಟು: ನೀರಿಗೆ ಹೆದರದವರು ಹವಳದ ದಿಬ್ಬ ನೋಡಲು ಸಣ್ಣ ದೋಣಿ ಹಿಡಿಯಿರಿ, ಹಿರಿಯರು ಜೊತೆಗಿದ್ದರೆ ಟ್ಯಾಕ್ಸಿ ಮಾಡಿಕೊಂಡು ಪೂರ್ವದ ದಂಡೆಗೆ ಹೋಗಿ. ಬೀಚ್ ಕ್ಲಬ್ ಇವೆರಡರ ನಂತರ.

ಮೊದಲನೇ ಸಲ ನಾವು ಬೀಚ್ ಕ್ಲಬ್ಬಿಗೆ ಹೋದದ್ದೇ ದೋಣಿ ತಪ್ಪಿದ್ದರಿಂದ. ಅದು ಡಿಸೆಂಬರ್. ಕೊಸುಮೆಲ್ ಇರುವ ಕಿಂತಾನಾ ರೂ ರಾಜ್ಯ 2015ರಲ್ಲಿ ತನ್ನ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿಕೊಂಡು ವರ್ಷವಿಡೀ ಅದನ್ನೇ ಪಾಲಿಸುತ್ತಿದೆ. ಚಳಿಗಾಲದಲ್ಲಿ ಟೆಕ್ಸಸ್ ಅದಕ್ಕಿಂತ ಒಂದು ಗಂಟೆ ಹಿಂದಿರುತ್ತದೆ, ನಮ್ಮ ಹಡಗು ಟೆಕ್ಸಸ್ ಸಮಯವನ್ನೇ ಇಟ್ಟುಕೊಂಡಿತ್ತು. ದೋಣಿಯವನು ಹತ್ತು ಗಂಟೆ ಅಂದಿದ್ದು ದ್ವೀಪದ ಹತ್ತು. ನಾವು ಹಡಗಿನ ಹತ್ತಕ್ಕೆ ಹೋಗಿ ನಿಂತಾಗ ಕಟ್ಟೆಯ ಹತ್ತಿರ ಯಾರೂ ಇರಲಿಲ್ಲ. ಆರು ವರ್ಷದ ಮಗಳ ಮುಖ ನೋಡಲಾಗಲಿಲ್ಲ. ಹೊರಗಿನ ಟೂರ್ ಕಾಯ್ದಿರಿಸುವವರು "ಇದು ಹಡಗಿನ ಸಮಯವೋ, ಊರಿನ ಸಮಯವೋ" ಅಂತ ಕೇಳಿ ಬರೆದಿಟ್ಟುಕೊಳ್ಳಲೇಬೇಕು.

ಕ್ಲಬ್ಬಿನಲ್ಲಿ ತಲೆಗೆ 70 ಡಾಲರ್ ಹತ್ತಿರ ಕೊಟ್ಟೆವು. ಊಟ, ಪಾನೀಯ, ಈಜುಕೊಳ, ಒರಗು ಕುರ್ಚಿ ಎಲ್ಲ ಸೇರಿ. ಪಶ್ಚಿಮದ ದಂಡೆಗೆ ದ್ವೀಪವೇ ಅಡ್ಡವಾಗಿರುವುದರಿಂದ ಅಲೆ ಕಡಿಮೆ, ಮಕ್ಕಳು ಆಡಬಹುದು. ಆದರೆ ಹಡಗಿನಲ್ಲೂ ಇದೇ ಈಜುಕೊಳ, ಇದೇ ಕುರ್ಚಿ, ಇದೇ ಬಫೆ. ಊರು ನೋಡಿದ ಹಾಗೇ ಆಗಲಿಲ್ಲ. ತೀರಾ ಸಣ್ಣ ಮಕ್ಕಳಿದ್ದರೆ ಮಾತ್ರ ಹೋಗಿ.

ಎರಡನೇ ಸಲ ಪಟ್ಟು ಹಿಡಿದು ದೋಣಿಗೇ ಹೋದೆವು. ಹತ್ತು ಜನರ ದೋಣಿ, ತಲೆಗೆ 65 ಡಾಲರ್. ಪಕ್ಕದಲ್ಲೇ ಇನ್ನೊಂದು ದೊಡ್ಡ ದೋಣಿಯಿಂದ ನಲವತ್ತು ಜನ ಒಟ್ಟಿಗೆ ನೀರಿಗಿಳಿದು ಒಬ್ಬರ ಕಾಲು ಇನ್ನೊಬ್ಬರಿಗೆ ತಾಗುತ್ತಿದ್ದುದನ್ನು ನೋಡಿದೆ. ಇಲ್ಲಿ ದೋಣಿ ಸಣ್ಣದಾದಷ್ಟೂ ಒಳ್ಳೆಯದು.

ಕೊಸುಮೆಲ್‌ನ ಹವಳದ ದಿಬ್ಬಗಳ ಮೇಲೆ ನೀರಿನ ಸೆಳೆತ ಇದ್ದೇ ಇರುತ್ತದೆ. ಪಾಲಂಕಾರ್ ಎಂಬಲ್ಲಿ ಇಳಿದ ಮೇಲೆ ಕೈಕಾಲು ಬಡಿಯುವ ಕೆಲಸವೇ ಇಲ್ಲ. ಲೈಫ್ ಜಾಕೆಟ್, ಉಸಿರಾಡುವ ಕೊಳವೆಯ ಮುಖವಾಡ ಹಾಕಿಕೊಂಡು ಮುಖ ಕೆಳಗೆ ಮಾಡಿ ಮಲಗಿದರೆ ನೀರೇ ಕರೆದುಕೊಂಡು ಹೋಗುತ್ತದೆ, ದೋಣಿ ಹಿಂದೆ ಬಂದು ಹತ್ತಿಸಿಕೊಳ್ಳುತ್ತದೆ. ಕಣ್ಣಿಗೆ ಕಂಡದ್ದಕ್ಕಿಂತ ಮೊದಲು ನನ್ನ ಮನಸ್ಸಿಗೆ ನಾಟಿದ್ದು ಒಂದು ಶಬ್ದ. ಯಾರೋ ಹುರಿಗಡಲೆ ಅಗಿಯುವ ಹಾಗೆ ಕಟಕಟ. ನೋಡಿದರೆ ಹಸಿರು, ನೀಲಿ ಬಣ್ಣದ ಗಿಳಿಮೀನೊಂದು ಕೊಕ್ಕಿನಂಥ ಹಲ್ಲಿನಿಂದ ಹವಳದ ಬಂಡೆಯನ್ನು ಕೆರೆದು ತಿನ್ನುತ್ತಿದೆ. ತಿಂದ ಸುಣ್ಣವೇ ಕೊನೆಗೆ ಮರಳಾಗಿ ಹೊರಬರುತ್ತದೆ. ಆಮೇಲೆ ಎಲ್ ಸಿಯೆಲೊ ಎಂಬ ಜಾಗ, ಅಂದರೆ ಆಕಾಶ. ಎದೆಮಟ್ಟದ ತಿಳಿನೀರು, ತಳದ ಬಿಳಿ ಮರಳಿನ ಮೇಲೆ ಕಿತ್ತಳೆ ಬಣ್ಣದ ನಕ್ಷತ್ರ ಮೀನುಗಳು. ಮಗಳು "ಅಪ್ಪಾ, ಒಂದೇ ಒಂದು ಸಲ ಮುಟ್ಲಾ?" ಅಂದಳು. ಗೈಡ್ ಬೇಡವೆಂದು ತಲೆಯಾಡಿಸಿದ. ನೀರಿನಿಂದ ಎತ್ತಿದರೆ ಅವು ಬದುಕುವುದು ಕಷ್ಟ.

ಇನ್ನೊಂದು ಮಾತು ಹೇಳದೆ ಹೋದರೆ ತಪ್ಪಾಗುತ್ತದೆ. ಬಣ್ಣದ ನಡುನಡುವೆ ಸುಣ್ಣ ಬಳಿದಂಥ ಸತ್ತ ಹವಳವೂ ಕಂಡಿತು. 1996ರಿಂದ ಇದು ರಾಷ್ಟ್ರೀಯ ಉದ್ಯಾನ. ಆದರೂ 2018ರಲ್ಲಿ ಹವಳದ ಅಂಗಾಂಶವನ್ನೇ ಕೊಳೆಸುವ ರೋಗ ಈ ಕರಾವಳಿಗೆ ಬಂತು, 2019ರಲ್ಲಿ ಪಾಲಂಕಾರ್, ಎಲ್ ಸಿಯೆಲೊಗಳನ್ನು ಕೆಲಕಾಲ ಮುಚ್ಚಬೇಕಾಯಿತು. ದಯವಿಟ್ಟು ಸನ್‌ಸ್ಕ್ರೀನ್ ಬಳಿದುಕೊಂಡು ಇಳಿಯಬೇಡಿ. ತುಂಬು ತೋಳಿನ ಈಜಂಗಿ ಸಾಕು.

ಮೂರನೇ ಸಲ ತಿಪಟೂರಿನಿಂದ ಅಮ್ಮ ಬಂದಿದ್ದರು. ಮಂಡಿನೋವು, ದೋಣಿಯ ಮಾತೇ ಇಲ್ಲ. ನಾಲ್ಕು ಗಂಟೆಗಳ ಸುತ್ತಾಟಕ್ಕೆ ಟ್ಯಾಕ್ಸಿ ಮಾತಾಡಿದೆವು, ಇಡೀ ಗಾಡಿಗೆ 120 ಡಾಲರ್. ಬಾಡಿಗೆಯನ್ನು ಹತ್ತುವ ಮೊದಲೇ ಬಿಡಿಸಿ ಮಾತಾಡಿಕೊಳ್ಳಬೇಕು. ಮೊದಲು ದ್ವೀಪದ ನಡುವಿನ ಸಾನ್ ಹೆರ್ವಾಸಿಯೊ. ಮಾಯಾ ಜನರ ಇಶ್ಚೆಲ್ ದೇವಿಯ ಕ್ಷೇತ್ರ, ಹೆರಿಗೆ ಕಾಯುವ ದೇವಿ. ಹೆಂಗಸರು ಆಚೆ ದಡದಿಂದ ಮರದ ದೋಣಿಯಲ್ಲಿ ಕಡಲು ದಾಟಿ ಹರಕೆಗೆ ಬರುತ್ತಿದ್ದರಂತೆ. ಗೋಪುರಗಳು ದೊಡ್ಡವೇನಲ್ಲ, ದಾರಿ ಕಲ್ಲು, ಸೊಳ್ಳೆ ಜಾಸ್ತಿ. ಪುಟ್ಟ ಕೈಗಳು ಎಂಬ ಹೆಸರಿನ ಒಂದು ಕಟ್ಟಡದ ಗೋಡೆಯಲ್ಲಿ ಮಾಸಿದ ಕೆಂಪು ಹಸ್ತದ ಗುರುತುಗಳಿವೆ. ಅಮ್ಮ ಅದರ ಮುಂದೆ ಬಹಳ ಹೊತ್ತು ನಿಂತರು. "ನಮ್ಮಲ್ಲೂ ಗೋಡೆಗೆ ಕೈ ಅಚ್ಚು ಒತ್ತಲ್ವೇನೋ" ಅಂದರು.

ಅಲ್ಲಿಂದ ಪೂರ್ವದ ದಂಡೆ. ಸಾಲು ಹೋಟೆಲುಗಳಿಲ್ಲ, ಕಪ್ಪು ಬಂಡೆಗೆ ಅಲೆ ಅಪ್ಪಳಿಸುವುದೇ ಕಾಣುತ್ತದೆ. ಈಜುವ ಜಾಗ ಅಲ್ಲ. ಚೆನ್ ರಿಯೊ ಎಂಬಲ್ಲಿ ಮಾತ್ರ ಬಂಡೆಗಳು ಅಡ್ಡ ನಿಂತು ಕೊಳದಂತಾಗಿದೆ. ಅಮ್ಮ ಸೀರೆ ಎತ್ತಿ ಮಂಡಿವರೆಗೂ ನೀರಿನಲ್ಲಿ ಕೂತರು, ಒಂದು ಗಂಟೆ ಏಳಲಿಲ್ಲ. ಬೇಸಿಗೆಯಲ್ಲಿ ಈ ಕಡೆ ಸರ್ಗಾಸಮ್ ಎಂಬ ಕಂದು ಪಾಚಿ ದಡಕ್ಕೆ ಬಂದು ಕೊಳೆತು ನಾರುವುದುಂಟು, ಆ ತಿಂಗಳುಗಳಲ್ಲಿ ವಿಚಾರಿಸಿಕೊಂಡು ಹೋಗಿ.

ಸಸ್ಯಾಹಾರಿಗಳಿಗೆ ಮೂರೂ ಕಡೆ ಬೆಣ್ಣೆಹಣ್ಣಿನ ಗೊಜ್ಜಿನಂಥ ಗ್ವಾಕಮೋಲೆ, ಮೆಕ್ಕೆಜೋಳದ ರೊಟ್ಟಿಯಾದ ತೋರ್ತಿಯಾ ಸಿಗುತ್ತದೆ. ಬೇಯಿಸಿದ ಬೀನ್ಸ್ ಕಾಳಿಗೆ ಹಂದಿ ಕೊಬ್ಬು ಹಾಕುವ ರೂಢಿ ಇದೆ, "ಸಿನ್ ಮಾಂತೇಕಾ", ಅಂದರೆ ಕೊಬ್ಬು ಹಾಕದೆ, ಅಂತ ಹೇಳಿ ಕೇಳಬೇಕು. ದಾರಿಬದಿಯಲ್ಲಿ ಮಾವಿನ ಹೋಳುಗಳಿಗೆ ಉಪ್ಪು, ಖಾರ, ನಿಂಬೆಹುಳಿ ಹಾಕಿ ಕೊಡುತ್ತಾರೆ, ಅಮ್ಮನಿಗೆ ಊರು ಬಿಟ್ಟು ಬಂದ ಹಾಗೇ ಅನ್ನಿಸಲಿಲ್ಲ.

ಎಳನೀರಿನ ಅಂಗಡಿಯಲ್ಲಿ ಅಮ್ಮ ನಮ್ಮ ಲೆಕ್ಕಾಚಾರವನ್ನೆಲ್ಲ ಬದಿಗಿಟ್ಟರು. ಮಚ್ಚಿನಿಂದ ಕೆತ್ತುವವನ ಕೈಯನ್ನೇ ನೋಡುತ್ತಿದ್ದು, ಕಾಯಿ ಒಡೆಸಿ ಗಂಜಿಯನ್ನು ಬೆರಳಲ್ಲಿ ಒತ್ತಿದರು. "ನೀರು ಸಿಹಿ ಇದೆ. ಗಂಜಿ ಬಲಿತುಬಿಟ್ಟಿದೆ, ನಾವಾಗಿದ್ರೆ ಹದಿನೈದು ದಿನ ಮುಂಚೆ ಇಳಿಸ್ತಿದ್ವಿ, ಹೇಳು ಅವನಿಗೆ." ಡ್ರೈವರ್ ಸ್ಪ್ಯಾನಿಷ್‌ನಲ್ಲಿ ಹೇಳಿದ. ಅಂಗಡಿಯವನು ರಾಶಿಯ ಹಿಂದೆ ಹೋಗಿ ಹಸಿರಾದ ಇನ್ನೊಂದು ಕಾಯಿ ಹುಡುಕಿ ತಂದು, ಕೆತ್ತಿ ಅಮ್ಮನ ಕೈಗಿಟ್ಟ.