ಗ್ರೀನ್ ಟೀಗೆ ನಿಂಬೆರಸವೋ, ಸಿಪ್ಪೆಯೋ, ನಿಂಬೆಹುಲ್ಲೋ?

ಗ್ರೀನ್ ಟೀಗೆ ನಿಂಬೆಯ ಘಮ ಬೇಕು ಅಂದರೆ ರಸ ಹಿಂಡಬಹುದು, ಸಿಪ್ಪೆ ಹಾಕಬಹುದು. ಹಣ್ಣಿನ ಗೊಡವೆಯೇ ಬೇಡ ಅಂದರೆ ನಿಂಬೆಹುಲ್ಲು ಇದೆ. ಮೂರನ್ನೂ ಒಂದೇ ಎಲೆ, ಒಂದೇ ಅಳತೆಯಲ್ಲಿ ಮಾಡಿ ಕುಡಿದು ನೋಡಿದ್ದೇನೆ. ಸುಮಾರು 200 ಮಿಲಿ ನೀರಿಗೆ 2 ಗ್ರಾಂ ಬಿಡಿ ಎಲೆ, ಅಷ್ಟೇ. ಹಾಲಿನ ಮಾತೇ ಇಲ್ಲ, ಹುಳಿ ಬಿದ್ದರೆ ಒಡೆಯುತ್ತೆ ಅಲ್ವಾ.

ಮೊದಲು ನೀರಿನ ವಿಷಯ. ಇದು ಕೆಟ್ಟರೆ ಆಮೇಲೆ ಏನು ಹಾಕಿದರೂ ಸುಧಾರಿಸುವುದಿಲ್ಲ. ಮರಳುವ ನೀರು ಸುರಿದರೆ ಎಲೆಯಿಂದ ಕ್ಯಾಟೆಕಿನ್ ಅನ್ನೋ ಒಗರಿನ ಅಂಶ ಮತ್ತು ಕೆಫೀನ್ ಜಾಸ್ತಿ ಇಳಿಯುತ್ತವೆ. ಆ ಕಹಿ, ಆ ಒಗರು ಅಲ್ಲಿಂದಲೇ ಬರುವುದು. 75ರಿಂದ 80 ಡಿಗ್ರಿ ಬಿಸಿ ಸಾಕು. ಥರ್ಮಾಮೀಟರ್ ಇಲ್ಲದಿದ್ದರೆ ಪಾತ್ರೆಯ ತಳವನ್ನು ನೋಡುತ್ತಿರಿ. ಸಣ್ಣ ಸಣ್ಣ ಗುಳ್ಳೆ ಏಳಲು ಶುರುವಾದಾಗ, ಇನ್ನೂ ಮರಳುವ ಮೊದಲೇ, ಇಳಿಸಿಬಿಡಿ. ಎಲೆ ಹಾಕಿ 2 ನಿಮಿಷ ಮುಚ್ಚಿಟ್ಟು ಸೋಸಿ. ಕಹಿಯಾದ ಟೀಗೆ ನಿಂಬೆ ಹಿಂಡಿದರೆ ಸರಿಹೋಗುತ್ತೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ನನ್ನ ನಾಲಿಗೆಗಂತೂ ಅದು ಒಗರಿನ ಮೇಲೆ ಹುಳಿಯೂ ಸೇರಿದ ಹಾಗೆ, ಬಾಯಿ ಇನ್ನಷ್ಟು ಒಣಗುತ್ತದೆ.

ನಿಂಬೆರಸದ್ದು ಸುಲಭದ ಕೆಲಸ. ಸೋಸಿದ ಮೇಲೆ ಅರ್ಧ ಚಮಚ ಹಿಂಡಿದರೆ ಬಣ್ಣ ಕಣ್ಣೆದುರೇ ತಿಳಿಯಾಗುತ್ತದೆ. ಸಿ ವಿಟಮಿನ್‌ಗೆ ಜಾಸ್ತಿ ಬಿಸಿ ಆಗಿಬರುವುದಿಲ್ಲ, ಹಾಗಾಗಿ ರಸವನ್ನು ಕೊನೆಗೇ ಹಾಕಬೇಕು. ಇದರ ಪರವಾಗಿ ಇನ್ನೊಂದು ಮಾತಿದೆ. ಗ್ರೀನ್ ಟೀ ಆರೋಗ್ಯಕ್ಕೆ ಒಳ್ಳೆಯದು ಅನ್ನುವವರು ಬೊಟ್ಟು ಮಾಡುವುದು ಆ ಕ್ಯಾಟೆಕಿನ್ ಕಡೆಗೇ. ಕ್ಯಾಟೆಕಿನ್‌ಗಳು ಸಣ್ಣ ಕರುಳಿನಲ್ಲಿ ಬೇಗ ಹಾಳಾಗುತ್ತವೆ, ಯಾಕೆಂದರೆ ಅಲ್ಲಿ ಹುಳಿಯ ಅಂಶ ಕಡಿಮೆ. ಪ್ರಯೋಗಾಲಯದಲ್ಲಿ ಜೀರ್ಣಕ್ರಿಯೆಯಂತೆಯೇ ನಡೆಸಿದ ಪರೀಕ್ಷೆಗಳಲ್ಲಿ ನಿಂಬೆ, ಕಿತ್ತಳೆಯ ರಸ ಬೆರೆಸಿದಾಗ ಅವು ಹೆಚ್ಚು ಉಳಿದಿವೆ. ಅದು ಗಾಜಿನ ಕೊಳವೆಯೊಳಗಿನ ಮಾತು, ನಮ್ಮ ಹೊಟ್ಟೆಯದ್ದಲ್ಲ ಅನ್ನುವುದು ನೆನಪಿರಲಿ. ನನ್ನ ತಕರಾರು ಬೇರೆ. ರಸದಲ್ಲಿ ಹುಳಿ ಇದೆ, ಘಮ ಇಲ್ಲ. ಹುಳಿ ಬಂದ ಕೂಡಲೇ ಕೈ ಜೇನಿನ ಬಾಟಲಿಗೆ ಹೋಗುತ್ತದೆ. ಒಂದು ದೊಡ್ಡ ಚಮಚ ಜೇನಿನಲ್ಲಿ ಸುಮಾರು 60 ಕ್ಯಾಲರಿ. ಬರೀ ಗ್ರೀನ್ ಟೀಯಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಆರೋಗ್ಯಕ್ಕೆ ಅಂತ ಕುಡಿಯುವವರು ಈ ಲೆಕ್ಕವನ್ನೇ ಬಿಟ್ಟುಬಿಡುತ್ತಾರೆ.

ಸಿಪ್ಪೆಯ ಕಥೆಯೇ ಬೇರೆ. ನಿಂಬೆ, ಕಿತ್ತಳೆ ಎರಡರ ಘಮವೂ ಇರುವುದು ಸಿಪ್ಪೆಯ ಮೇಲ್ಪದರದ ಎಣ್ಣೆಯಲ್ಲಿ. ಬೆರಳಗಲದ ಒಂದು ತುಂಡು ಕಿತ್ತಳೆ ಸಿಪ್ಪೆ ತೆಗೆದುಕೊಂಡು, ಹೊರಮೈ ಟೀ ಕಡೆ ಬರುವ ಹಾಗೆ ಹಿಡಿದು ಮಡಚಿ. ಚಿಳ್ ಅಂತ ಸಣ್ಣ ಹನಿಗಳು ಹಾರುತ್ತವೆ, ಟೀ ಮೇಲೆ ಎಣ್ಣೆಯ ತೆಳು ಹೊಳಪು ತೇಲುತ್ತದೆ. ಲೋಟ ಬಾಯಿಗೆ ಬರುವ ಮುಂಚೆಯೇ ಮೂಗಿಗೆ ಗೊತ್ತಾಗುತ್ತದೆ. ಹುಳಿ ಇಲ್ಲದ್ದರಿಂದ ಜೇನು ಬೇಕು ಅನಿಸುವುದೇ ಇಲ್ಲ. ನನ್ನ ಓಟು ಇದಕ್ಕೇ.

ಆದರೆ ಇದು ಸ್ವಲ್ಪ ನಾಜೂಕಿನ ಕೆಲಸ. ಒಳಗಿನ ಬಿಳಿ ಭಾಗ ಸೇರಿದರೆ ಕಹಿ ಗ್ಯಾರಂಟಿ. ಅದಕ್ಕೇ ಚಾಕುವಿಗಿಂತ ತರಕಾರಿ ಹೆರೆಯುವ ಪೀಲರ್ ವಾಸಿ. ಎಷ್ಟೋ ಹಣ್ಣುಗಳಿಗೆ ಹೊಳಪಿಗಾಗಿ ಮೇಣ ಹಚ್ಚಿರುತ್ತಾರೆ, ಬಿಸಿ ನೀರಿನಲ್ಲಿ ಉಜ್ಜಿ ತೊಳೆಯದೆ ಸಿಪ್ಪೆ ಮುಟ್ಟಬೇಡಿ. ಎಲೆಯ ಜೊತೆ 2 ನಿಮಿಷ ಇದ್ದರೆ ಸಾಕು, ಲೋಟದಲ್ಲೇ ಬಿಟ್ಟರೆ ಕೊನೆಯ ಗುಟುಕು ಔಷಧಿಯಂತಾಗುತ್ತದೆ. ನಿಂಬೆ ಸಿಪ್ಪೆಯೂ ನಡೆಯುತ್ತದೆ, ಘಾಟು ಜಾಸ್ತಿ. ಒಣಗಿಸಿದ ಸಿಪ್ಪೆಯಲ್ಲಿ ಆ ಹಸಿ ಘಮ ಉಳಿಯುವುದಿಲ್ಲ. ಗ್ರೇಪ್‌ಫ್ರೂಟ್ ಮತ್ತು ಚಕ್ಕೋತವನ್ನು ನಾನು ಹೋಲಿಕೆಗೇ ತೆಗೆದುಕೊಳ್ಳಲಿಲ್ಲ. ಕೊಲೆಸ್ಟ್ರಾಲ್, ರಕ್ತದೊತ್ತಡದ ಕೆಲವು ಮಾತ್ರೆಗಳ ಜೊತೆ ಅವು ಸೇರಿದರೆ ಔಷಧಿಯ ಪ್ರಮಾಣ ರಕ್ತದಲ್ಲಿ ಏರಿಬಿಡುತ್ತದೆ.

ನಿಂಬೆಹುಲ್ಲಿನಲ್ಲಿರುವ ಸಿಟ್ರಾಲ್ ಅನ್ನೋ ಅಂಶವೇ ನಿಂಬೆ ಸಿಪ್ಪೆಯಲ್ಲೂ ಇದೆ. ಅದಕ್ಕೇ ಹುಳಿ ಇಲ್ಲದೆಯೂ ನಿಂಬೆಯ ವಾಸನೆ. ಹುಳಿ ಕುಡಿದರೆ ಎದೆ ಉರಿ ಅನ್ನುವವರಿಗೆ ಇದು ಒಳ್ಳೆಯದು. ತೊಂದರೆ ಏನಂದರೆ, ಬುಡದ ದಂಟನ್ನು ಜಜ್ಜಿ ಐದು ನಿಮಿಷವಾದರೂ ಕುದಿಸಬೇಕು, ಟೀ ಎಲೆಗೋ ಕುದಿ ಆಗದು. ಹುಲ್ಲು ಕುದಿಸಿ, ಒಲೆ ಆರಿಸಿ, ಸ್ವಲ್ಪ ಆರಲು ಬಿಟ್ಟು ಆಮೇಲೆ ಎಲೆ ಹಾಕಬೇಕು. ಅಷ್ಟೆಲ್ಲಾ ಮಾಡಿದರೂ ಹುಲ್ಲಿನ ಮುಂದೆ ಎಲೆಯ ರುಚಿ ಮೇಲೇಳುವುದೇ ಇಲ್ಲ. ಹಾಗಿದ್ದರೆ ಸುಮ್ನೆ ಬರೀ ಹುಲ್ಲನ್ನೇ ಕುದಿಸಿ ಕುಡಿಯಬಹುದಲ್ಲ? ಕೆಫೀನ್ ಇಲ್ಲ, ರಾತ್ರಿ ನಿದ್ದೆಗೂ ತೊಂದರೆ ಇಲ್ಲ.

ಸೊಪ್ಪು, ಬೇರಿನ ಜೋಡಿ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕಿತ್ತಳೆ ಸಿಪ್ಪೆಗೆ ತೆಳ್ಳಗಿನ ಒಂದು ಬಿಲ್ಲೆ ಶುಂಠಿ, ನಿಂಬೆರಸಕ್ಕೆ ನಾಲ್ಕು ಎಲೆ ಪುದೀನ. ಅದಲು ಬದಲು ಮಾಡಿದರೆ ಪುದೀನ ಸಿಪ್ಪೆಯ ಘಮವನ್ನು ನುಂಗಿಹಾಕುತ್ತದೆ. ಎಲ್ಲವನ್ನೂ ಒಟ್ಟಿಗೆ ಸುರಿದರೆ ಯಾವುದರ ರುಚಿಯೂ ಇಲ್ಲ.

ಯಾವ ಬಗೆಯದ್ದೇ ಆಗಲಿ, ಊಟದ ಜೊತೆ ಬೇಡ. ಸೊಪ್ಪು, ಕಾಳುಗಳಲ್ಲಿನ ಕಬ್ಬಿಣದ ಅಂಶ ಮೈಗೆ ಹತ್ತದಂತೆ ಟೀ ತಡೆಯುತ್ತದೆ. ರಕ್ತಹೀನತೆ ಇರುವವರು ಒಂದು ಗಂಟೆಯಾದರೂ ಬಿಟ್ಟು ಕುಡಿಯಲಿ.

ಬಿಸಿಲುಗಾಲಕ್ಕೆ ಇನ್ನೊಂದು ರೀತಿ ಇದೆ, ಒಲೆಯೇ ಬೇಡ. ಒಂದು ಲೀಟರ್ ತಣ್ಣೀರಿಗೆ 10 ಗ್ರಾಂ ಎಲೆ, ಎರಡು ಪಟ್ಟಿ ಕಿತ್ತಳೆ ಸಿಪ್ಪೆ ಹಾಕಿ ರಾತ್ರಿ ಫ್ರಿಜ್‌ನಲ್ಲಿಡಿ. ತಣ್ಣೀರಿನಲ್ಲಿ ಕೆಫೀನ್ ಕಡಿಮೆ ಇಳಿಯುತ್ತದೆ, ಕಹಿಯೂ ಕಡಿಮೆ, ಎಲೆಯ ಸಿಹಿ ಮುಂದೆ ಬರುತ್ತದೆ. ಬೆಳಿಗ್ಗೆ ಸೋಸಿ ಸಿಪ್ಪೆ ತೆಗೆದುಬಿಡಿ. ಹುಳಿ ಬೇಕೆನ್ನುವವರು ಕುಡಿಯುವಾಗ ಅವರವರ ಲೋಟಕ್ಕೆ ಹಿಂಡಿಕೊಳ್ಳಲಿ. ಅದೇ ದಿನ ಕುಡಿದು ಮುಗಿಸುವುದು ಒಳ್ಳೆಯದು, ಮಾರನೇ ದಿನಕ್ಕೆ ಆ ಘಮ ಇರುವುದಿಲ್ಲ.