ಸ್ಟೀಮ್ ಇರುವಾಗ ಫ್ಲ್ಯಾಂಜ್ ಬಿಗಿಯಲು ಹೋಗಬೇಡಿ

ಬೀದರ್ ಜಿಲ್ಲೆಯ ಒಂದು ಸಕ್ಕರೆ ಕಾರ್ಖಾನೆ. ಹಂಗಾಮು ಶುರುವಾಗುವ ಹೊತ್ತಿಗೆ 6 ಇಂಚಿನ ಸ್ಟೀಮ್ ಲೈನಿನ ಫ್ಲ್ಯಾಂಜಿನಲ್ಲಿ, ಅಂದರೆ ಪೈಪುಗಳನ್ನು ಬೋಲ್ಟು ಹಾಕಿ ಜೋಡಿಸುವ ಅಗಲ ಬಳೆಯಲ್ಲಿ, ಸೋರದಂತೆ ನಡುವೆ ಇಟ್ಟ ಪ್ಯಾಕಿಂಗ್ ಶೀಟ್ ಸಿಡಿದು ಫಿಟ್ಟರ್ ಒಬ್ಬರ ಎರಡೂ ಕೈ ಬೆಂದವು. ಒತ್ತಡ 8 ಬಾರ್, ಉಷ್ಣತೆ ಸುಮಾರು 175 ಡಿಗ್ರಿ. ಮೊದಲು ಸಣ್ಣಗೆ ಸೋರುತ್ತಿತ್ತು, ಅಷ್ಟೇ. ಲೈನ್ ಬಂದ್ ಮಾಡಿದರೆ ಕಬ್ಬಿನ ಗಾಡಿಗಳು ಸಾಲುಗಟ್ಟುತ್ತವೆ ಎಂದು ಪಾನಾಕ್ಕೆ ಪೈಪ್ ಸಿಕ್ಕಿಸಿ, ಸೋರುತ್ತಿದ್ದ ಕಡೆಯ ಎರಡು ನಟ್ ಎಳೆಸಿದರು. ಶೀಟ್ ಅಲ್ಲೇ ಸೀಳಿತು.

ಶೀಟ್ ಪ್ಯಾಕಿಂಗಿನ ನಾರನ್ನು ಹಿಡಿದಿಡುವುದು ರಬ್ಬರ್. ಒಮ್ಮೆ ಬಿಸಿ ಕಂಡ ರಬ್ಬರ್ ಗಟ್ಟಿಯಾಗಿ ಪೆಡಸಾಗುತ್ತದೆ. ಆಮೇಲೆ ಬಿಗಿದರೆ ಅದು ಕೂರುವುದಿಲ್ಲ, ಬಿರಿಯುತ್ತದೆ. ಅದರ ಮೇಲೆ ಒಂದೇ ಕಡೆ ಎಳೆದರೆ ಪಕ್ಕದ ಬೋಲ್ಟುಗಳ ಬಿಗಿ ಇಳಿಯುತ್ತದೆ. ಇನ್ನೊಂದು ಮಾತು: ಬಿಳಿ ಹೊಗೆಯಂತೆ ಕಾಣುವುದು ತಣಿದ ಹನಿ. ಸುಡುವ ಸ್ಟೀಮ್ ಫ್ಲ್ಯಾಂಜಿನ ಬಾಯಲ್ಲಿ ಕಣ್ಣಿಗೆ ಕಾಣುವುದೇ ಇಲ್ಲ, ಕೈ ಹೋಗುವುದೂ ಅಲ್ಲಿಗೇ.

ಬಿಚ್ಚಿ ನೋಡಿದಾಗ ತಪ್ಪು ಓವರ್‌ಹಾಲಿನಲ್ಲೇ ಆಗಿತ್ತೆಂದು ಗೊತ್ತಾಯಿತು. ಹಳೆ ಪ್ಯಾಕಿಂಗಿನ ಚೂರು ಫ್ಲ್ಯಾಂಜ್ ಫೇಸಿನ (ಪ್ಯಾಕಿಂಗ್ ಕೂರುವ ಮುಖದ) ಗೀರುಗಳಲ್ಲಿ ಹಾಗೇ ಇತ್ತು. ಗ್ಯಾಪ್ ತುಂಬಲು ಎರಡು ಶೀಟ್ ಒಂದರ ಮೇಲೊಂದು ಹಾಕಿದ್ದರು. ಪೈಪ್ ಸಾಲಿನಲ್ಲಿಲ್ಲದಿದ್ದರೆ ಪೈಪನ್ನು ಸರಿಪಡಿಸಬೇಕೇ ಹೊರತು ಪ್ಯಾಕಿಂಗ್ ದಪ್ಪ ಮಾಡಬಾರದು. ಶೀಟ್ ದಪ್ಪವಾದಷ್ಟೂ ಒತ್ತಡಕ್ಕೆ ಹೊರಗೆ ಜಾರುತ್ತದೆ. 1.5 ಮಿಮೀ ಒಂದೇ ಸಾಕು, ಅದಕ್ಕೆ ಗ್ರೀಸ್ ಸವರಬೇಡಿ.

ಇನ್ನು ಬೋಲ್ಟುಗಳ ಮಾತು. 150 ಕ್ಲಾಸಿನ (ಒತ್ತಡ ತಾಳುವ ದರ್ಜೆ) ಈ ಫ್ಲ್ಯಾಂಜಿಗೆ ಮುಕ್ಕಾಲು ಇಂಚಿನ 8 ಬೋಲ್ಟು. ಥ್ರೆಡ್‌ಗೂ ನಟ್‌ನ ತಳಕ್ಕೂ ಆ್ಯಂಟಿಸೀಜ್ (ಕಚ್ಚಿಕೊಳ್ಳದಂತೆ ಹಚ್ಚುವ ಪೇಸ್ಟ್) ಹಚ್ಚಿ 200 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ) ಕೊಟ್ಟರೆ ಪ್ರತಿ ಬೋಲ್ಟಿಗೆ ಸುಮಾರು 65 ಕಿಲೋನ್ಯೂಟನ್ ಎಳೆತ ಬರುತ್ತದೆ. ತುಕ್ಕು ಹಿಡಿದ ಒಣ ಥ್ರೆಡ್‌ನಲ್ಲಿ ಅದೇ ಟಾರ್ಕ್‌ಗೆ ಅದರ ಅರ್ಧ. ಉಳಿದದ್ದನ್ನು ಘರ್ಷಣೆ ತಿನ್ನುತ್ತದೆ. ಸಾದಾ ಮೈಲ್ಡ್ ಸ್ಟೀಲ್ ಬೋಲ್ಟಾದರೆ 51 ಕಿಲೋನ್ಯೂಟನ್ ಆಸುಪಾಸಿನಲ್ಲೇ ಶಾಶ್ವತವಾಗಿ ಹಿಗ್ಗುತ್ತದೆ. ಅಂಗಡಿಯಲ್ಲಿ ‘ಹೈ ಟೆನ್ಸೈಲ್’ ಎಂಬ ಮಾತು ನಂಬಬೇಡಿ. ಸ್ಟಡ್ (ಎರಡೂ ತುದಿಗೆ ನಟ್ ಹಾಕುವ ಬೋಲ್ಟು) ತುದಿಯಲ್ಲಿ ಬಿ7, ನಟ್ ಮೇಲೆ 2ಎಚ್ ಎಂಬ ದರ್ಜೆಯ ಗುರುತು ನೋಡಿಯೇ ತನ್ನಿ.

ಬೋಲ್ಟುಗಳನ್ನು ಸುತ್ತಲೂ ಸಾಲಾಗಿ 1ರಿಂದ 8 ಎಂದು ಎಣಿಸಿದರೆ ಬಿಗಿಯುವ ಕ್ರಮ 1-5-3-7-2-6-4-8. ಮೊದಲ ಸುತ್ತು 60 ನ್ಯೂಟನ್ ಮೀಟರ್, ಆಮೇಲೆ 130, ಆಮೇಲೆ 200. ಕೊನೆಗೆ ಯಾವ ನಟ್ಟೂ ತಿರುಗದವರೆಗೆ ಅದೇ 200ಕ್ಕೆ ವರ್ತುಲವಾಗಿ ಸುತ್ತಿ. ಕನಿಷ್ಠ 4 ಗಂಟೆ ಬಿಟ್ಟು, ಸ್ಟೀಮ್ ಕೊಡುವ ಮೊದಲು, ತಣ್ಣಗಿರುವಾಗಲೇ ಇನ್ನೊಂದು ಸುತ್ತು ಹಾಕಿ. ಪ್ಯಾಕಿಂಗ್ ಕುಗ್ಗಿ ಕಳೆದುಕೊಂಡ ಬಿಗಿ ಆಗ ಸಿಗುತ್ತದೆ. ಈ ಅಂಕಿಗಳು ಈ ಅಳತೆಗೆ ಮಾತ್ರ. ಬೇರೆ ಫ್ಲ್ಯಾಂಜ್‌ಗೆ ಪ್ಯಾಕಿಂಗ್ ತಯಾರಕರ ಚಾರ್ಟ್ ನೋಡಲೇಬೇಕು.

ಸ್ಟೀಮ್ ಕೊಟ್ಟ ಮೇಲೆ ಸೋರಿದರೆ ಲೈನ್ ಬಂದ್ ಮಾಡಿ, ವಾಲ್ವಿಗೆ ಬೀಗ ಹಾಕಿ, ಡ್ರೈನ್ ತೆರೆದು, ತಣಿಯಲು ಬಿಟ್ಟು, ಹೊಸ ಪ್ಯಾಕಿಂಗ್ ಹಾಕಿ. ಹಳೇ ಶೀಟ್ ಆಸ್ಬೆಸ್ಟಾಸ್ ಆಗಿದ್ದರೆ ಒಣಗಿದಾಗ ವೈರ್ ಬ್ರಶ್ ಉಜ್ಜಬೇಡಿ, ನೀರು ಹಾಕಿ ನೆನೆಸಿ ಕೆರೆಯಿರಿ. ಗೇಜ್ ಸೊನ್ನೆ ತೋರಿಸಿದರೂ ಪೈಪಿನ ತಗ್ಗಿನಲ್ಲಿ ಬಿಸಿನೀರು ನಿಂತಿರಬಹುದು: ನಿಮ್ಮಿಂದ ಆಚೆ ಬದಿಯ ನಟ್ಟುಗಳನ್ನು ಮೊದಲು ಸಡಿಲಿಸಿ, ಫ್ಲ್ಯಾಂಜ್ ಬಾಯಿ ಬಿಟ್ಟು ಒಳಗಿನದೆಲ್ಲ ಸೋರಿ ಹೋಗುವವರೆಗೆ ಒಂದೂ ನಟ್ ಪೂರ್ತಿ ಕಳಚಬೇಡಿ.